ಗೇರ್ ಬೀಳವಲ್ದು ಅಂದ್ರ ಬಾಕ್ಸ್ ಬಿಚ್ಚೋದೇ ಅಲ್ಲ

ಅಕ್ಕಲಕೋಟ: “ಸ್ಟಾರ್ಟ್ ಆಗ್ತದ, ಆವಾಜ್ ಬರೋಬರಿ ಅದ, ಗೇರ್ ಅಷ್ಟ ಬೀಳವಲ್ದು ನೋಡ್ರಿ ಮಿಸ್ತ್ರಿ.” ಸೊಲ್ಲಾಪುರ, ಅಕ್ಕಲಕೋಟ, ಜತ್ ಭಾಗದ ಗ್ಯಾರೇಜುಗಳ ಮುಂದೆ ಮೇಲಿಂದ ಮೇಲೆ ಕೇಳಿಬರುವ ಮಾತು ಇದು. ಎಂಎಚ್-13, ಎಂಎಚ್-10 ಪಾಟಿಯ ಗಾಡಿಗಳ ಜೊತೆಗೆ ಕೆಎ-28, ಕೆಎ-32 ಗಾಡಿಗಳೂ ಇದೇ ದೂರು ಹೊತ್ತು ಬಂದು ನಿಲ್ಲುತ್ತವೆ. ದೂರು ಒಂದೇ. ಆದರೆ ಅದರ ಹಿಂದಿನ ಕಾರಣ ಪೆಡಲ್ ಕೆಳಗೆ ಮಡಚಿಕೊಂಡ ಕಾಲ್ಮ್ಯಾಟ್‌ನಿಂದ ಹಿಡಿದು ಗೇರ್‌ಬಾಕ್ಸ್ ಒಳಗೆ ಸವೆದ ಹಿತ್ತಾಳೆ ರಿಂಗ್‌ವರೆಗೆ ಏನೂ ಆಗಿರಬಹುದು. ಖರ್ಚೂ ಹಾಗೇ, ಸೊನ್ನೆಯಿಂದ ಐದಂಕಿಯವರೆಗೆ.

ಈ ಭಾಗದಲ್ಲಿ ಗಾಡಿ ಎಂದರೆ ಶೋಕಿಯ ವಸ್ತು ಅಲ್ಲ. ಹಳ್ಳಿಯಿಂದ ಸೊಲ್ಲಾಪುರದ ದವಾಖಾನೆಗೆ, ವಿಜಯಪುರದ ಬೀಗರ ಮನೆಗೆ, ಗಾಣಗಾಪುರದ ಹುಣ್ಣಿಮೆಗೆ, ದುಧನಿ ಬಜಾರಕ್ಕೆ ಹೋಗಿಬರಲು ಸೆಕೆಂಡ್ ಹ್ಯಾಂಡ್ ಕೊಂಡ ಆಲ್ಟೋ, ಓಮ್ನಿ, ಇಂಡಿಕಾ, ಬೊಲೆರೋಗಳೇ ಹೆಚ್ಚು. ಮಾರುತಿ 800 ತಯಾರಿಕೆ 2014ರಲ್ಲಿ, ಇಂಡಿಕಾ 2018ರಲ್ಲಿ, ಓಮ್ನಿ ಮತ್ತು ಸುಮೋ 2019ರಲ್ಲಿ ನಿಂತಿವೆ. ಆದರೂ ಹಳ್ಳಿ ರಸ್ತೆಗಳಲ್ಲಿ ಇವು ಇನ್ನೂ ಓಡುತ್ತಿವೆ. ಇಂಥ ಗಾಡಿಗೆ ಕೊಟ್ಟ ಬೆಲೆಯ ಕಾಲು ಭಾಗ ಒಂದೇ ರಿಪೇರಿಗೆ ಹೋದರೆ ಮನೆಯ ಲೆಕ್ಕವೇ ತಪ್ಪುತ್ತದೆ.

ಒಂದೇ ಮಾತು, ಎರಡು ರೋಗ

ಗೊಂದಲ ಶುರುವಾಗುವುದು ಮಾತಿನಿಂದಲೇ. ನಮ್ಮ ಕಡೆ ಗೇರ್ ಬೀಳದಿದ್ದರೂ “ಕ್ಲಚ್ ಹೋಗ್ಯಾದ” ಅಂತಾರ, ಏರಿನಲ್ಲಿ ಗಾಡಿ ಎಳೆಯದಿದ್ದರೂ “ಕ್ಲಚ್ ಹೋಗ್ಯಾದ” ಅಂತಾರ. ಆದರೆ ಇವೆರಡೂ ಒಂದಕ್ಕೊಂದು ಉಲ್ಟಾ ಇರುವ ರೋಗಗಳು.

ಬೀಸೋಕಲ್ಲು ನೆನಪು ಮಾಡಿಕೊಂಡರೆ ಇದು ತಿಳಿಯುವುದು ಸುಲಭ. ಎಂಜಿನ್ನಿನ ಫ್ಲೈವ್ಹೀಲ್ ಒಂದು ಕಲ್ಲು, ಪ್ರೆಶರ್ ಪ್ಲೇಟ್ ಇನ್ನೊಂದು ಕಲ್ಲು. ಇವೆರಡರ ನಡುವೆ ಕ್ಲಚ್ ಪ್ಲೇಟ್ ಅದುಮಿಕೊಂಡು ಕೂತಿರುತ್ತದೆ. ಹೀಗೆ ಅದುಮಿ ಹಿಡಿದಾಗ ಎಂಜಿನ್ನಿನ ಜೋರು ಗೇರ್‌ಬಾಕ್ಸಿಗೆ ಹೋಗುತ್ತದೆ. ಪೆಡಲ್ ತುಳಿದಾಗ ಪ್ಲೇಟ್ ಸಡಿಲಾಗಿ ಎಂಜಿನ್ನಿಗೂ ಬಾಕ್ಸಿಗೂ ಸಂಬಂಧ ಕಡಿಯುತ್ತದೆ. ಆಗಲೇ ಗೇರ್ ಸುಖವಾಗಿ ಬೀಳುವುದು. ಈ ಸಡಿಲಿನ ಅಂತರ ಪ್ಲೇಟಿನ ಒಂದೊಂದು ಮಗ್ಗುಲಿಗೆ ಒಂದು ಮಿಲಿಮೀಟರಿಗೂ ಕಡಿಮೆ. ಆದ್ದರಿಂದ ಪೆಡಲಿನಿಂದ ಫೋರ್ಕಿನವರೆಗಿನ ದಾರಿಯಲ್ಲಿ ಎಲ್ಲೇ ಸ್ವಲ್ಪ ಕೊರತೆಯಾದರೂ ಪ್ಲೇಟ್ ಪೂರ್ತಿ ಬಿಡುವುದಿಲ್ಲ.

ಪ್ಲೇಟ್ ಸವೆದಿದ್ದರೆ ಅದು ಹಿಡಿಯುವುದಿಲ್ಲ. ಎಕ್ಸಲೇಟರ್ ಕೊಟ್ಟಷ್ಟೂ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಆದರೆ ಗೇರ್ ಬೆಣ್ಣೆಯಂತೆ ಬೀಳುತ್ತದೆ. ಪ್ಲೇಟ್ ಬಿಡದಿದ್ದಾಗ ಮಾತ್ರ ಗೇರ್ ಬೀಳುವುದಿಲ್ಲ, ಬಿದ್ದರೂ ‘ಕರ್‍ರ್’ ಎನ್ನುತ್ತದೆ. ಮರಾಠಿ ಗ್ಯಾರೇಜುಗಳಲ್ಲಿ ಮೊದಲನೆಯದಕ್ಕೆ ‘ಕ್ಲಚ್ ಸ್ಲಿಪ್ ಹೋತೋಯ್’, ಎರಡನೆಯದಕ್ಕೆ ‘ಕ್ಲಚ್ ಸುಟತ್ ನಾಹಿ’ ಎಂದು ಬೇರೆ ಬೇರೆ ಮಾತಿದೆ. ಕನ್ನಡದವರೂ ಹೋದ ಕೂಡಲೇ ‘ಹಿಡಿಯವಲ್ದು’ ಅಥವಾ ‘ಬಿಡವಲ್ದು’ ಎಂದು ಬಿಡಿಸಿ ಹೇಳಿದರೆ ಅರ್ಧ ಕೆಲಸ ಆದಂತೆ.

ದುಧನಿ ರಸ್ತೆಯ ಹಳ್ಳಿಯೊಂದರ ಕುಟುಂಬಕ್ಕೆ ಈ ಒಂದು ಮಾತು ದುಬಾರಿಯಾಗುವುದರಲ್ಲಿತ್ತು. ಹಿರಿಯರ ಕಣ್ಣಿನ ಆಪರೇಶನ್‌ಗೆ ಸೊಲ್ಲಾಪುರದಲ್ಲಿ ತಾರೀಖು ಸಿಕ್ಕಿತ್ತು. ಬೆಳಗ್ಗೆ ಹೊರಟ ಹಳೆಯ ಆಲ್ಟೋ ವಳಸಂಗ ದಾಟುವ ಮುಂಚೆಯೇ ನಿಂತಿತು. ನ್ಯೂಟ್ರಲ್‌ಗೆ ಬಂದ ಗೇರ್ ಮತ್ತೆ ಫಸ್ಟಿಗೆ ಬೀಳಲಿಲ್ಲ. ಹಿರಿಯರನ್ನು ಎಸ್.ಟಿ. ಬಸ್ಸಿಗೆ ಹತ್ತಿಸಿ, ಮಗ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಗ್ಯಾರೇಜಿಗೆ ಎಳೆಸಿದ. “ಕ್ಲಚ್ ಹೋಗ್ಯಾದ” ಎಂದಿದ್ದೇ ತಡ, “ಬಾಕ್ಸ್ ಇಳಸಬೇಕು, ಕ್ಲಚ್ ಸೆಟ್ ಪೂರಾ ಹಾಕಬೇಕು, ನಾಳಿ ಸಂಜಿಗೆ ಬರ್‍ರಿ” ಎಂಬ ಉತ್ತರ ಬಂತು. ಹೇಳಿದ ರಕಮು ಕೇಳಿ ಹುಡುಗ ಸುಮ್ಮನೆ ಕೂತ. ಅಲ್ಲೇ ಚಹಾ ಕುಡಿಯುತ್ತಿದ್ದ ವಯಸ್ಸಾದ ಮಿಸ್ತ್ರಿಯೊಬ್ಬರು ಎದ್ದು ಬಂದು, “ತಮ್ಮಾ, ಪೆಡಲ್ ತುಳಿ ನೋಡಮು” ಎಂದು ಬಾನೆಟ್ ಒಳಗೆ ಬಗ್ಗಿ ನೋಡಿದರು. ಪೆಡಲ್ ಪೂರ್ತಿ ಕೆಳಗೆ ಹೋದರೂ ಬಾಕ್ಸಿನ ಮೇಲಿನ ಕ್ಲಚ್ ಕೈ ಅಲುಗಿದ್ದು ಅಷ್ಟಕ್ಕಷ್ಟೇ. ಕೇಬಲ್ಲಿನ ಒಳಗಿನ ತಂತಿ ಎಳೆ ಎಳೆಯಾಗಿ ಹರಿದು ಕೊನೆಯ ನಾಲ್ಕೈದು ಎಳೆ ಮಾತ್ರ ಉಳಿದಿದ್ದವು. ಹೊಸ ಕೇಬಲ್ ಬೆಲೆ ನೂರರ ಲೆಕ್ಕದಲ್ಲಿ, ಬಾಕ್ಸ್ ಇಳಿಸುವ ಖರ್ಚು ಸಾವಿರದ ಲೆಕ್ಕದಲ್ಲಿ. ಮಧ್ಯಾಹ್ನದ ಊಟದ ಹೊತ್ತಿಗೆ ಗಾಡಿ ಸೊಲ್ಲಾಪುರದಲ್ಲಿತ್ತು.

ಆ ಮೊದಲ ಗ್ಯಾರೇಜಿನವರು ಮೋಸ ಮಾಡಿದರು ಎನ್ನಲಾಗದು. ಗಿರಾಕಿ ಹೇಳಿದ್ದನ್ನೇ ರೋಗ ಎಂದು ಹಿಡಿದರು, ಪರೀಕ್ಷೆ ಮಾಡಲಿಲ್ಲ, ಅಷ್ಟೇ. ಆದರೆ ರೊಕ್ಕ ಹೋಗುವುದು ಮಾತ್ರ ಗಿರಾಕಿಯದು.

ಮೊದಲ ಪರೀಕ್ಷೆ: ಎಂಜಿನ್ ಬಂದ್ ಮಾಡ್ರಿ

ಅನುಭವಿ ಮಿಸ್ತ್ರಿಗಳು ಪಾನಾ ಕೈಗೆ ತೆಗೆದುಕೊಳ್ಳುವ ಮುನ್ನ ಮಾಡುವ ಪರೀಕ್ಷೆ ಒಂದೇ. ಗಾಡಿಯನ್ನು ಸಪಾಟ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಬಂದ್ ಮಾಡಿ, ಕ್ಲಚ್ ತುಳಿದು ಒಂದೊಂದೇ ಗೇರ್ ಹಾಕಿ ನೋಡುವುದು. ಒಂದೆರಡು ಗೇರ್ ಹಲ್ಲಿಗೆ ಹಲ್ಲು ಎದುರಾಗಿ ಬೀಳದೇ ಇರಬಹುದು. ಆಗ ನ್ಯೂಟ್ರಲ್‌ಗೆ ತಂದು ಕ್ಲಚ್ ಒಮ್ಮೆ ಬಿಟ್ಟು ಮತ್ತೆ ತುಳಿಯಬೇಕು, ಇಲ್ಲವೇ ಹ್ಯಾಂಡ್‌ಬ್ರೇಕ್ ಇಳಿಸಿ ಗಾಡಿಯನ್ನು ಒಂದಂಗುಲ ಮುಂದಕ್ಕೆ ದಬ್ಬಬೇಕು.

ಎಂಜಿನ್ ಬಂದ್ ಇದ್ದಾಗ ಎಲ್ಲ ಗೇರೂ ಬಿದ್ದು, ಚಾಲೂ ಮಾಡಿದ ಕೂಡಲೇ ಯಾವುದೂ ಬೀಳದಿದ್ದರೆ ಬಾಕ್ಸ್ ಒಳಗಿನ ಗೇರುಗಳ ಮೇಲೆ ಸಂಶಯ ಪಡಬೇಕಾಗಿಲ್ಲ. ಕ್ಲಚ್ ಬಿಡುತ್ತಿಲ್ಲ ಎಂಬುದೇ ಅದರ ಅರ್ಥ. ಬಂದ್ ಇದ್ದಾಗಲೂ ಯಾವ ಗೇರೂ ಬೀಳದಿದ್ದರೆ ಲಿವರ್, ರಾಡ್ ಅಥವಾ ಗೇರ್ ಕೇಬಲ್ ನೋಡಬೇಕು. ಒಂದೇ ಒಂದು ಗೇರ್ ಮಾತ್ರ ಕಾಟ ಕೊಡುತ್ತಿದ್ದರೆ ಆಗ ಬಾಕ್ಸ್ ಒಳಗಿನ ಮಾತು. ಇಷ್ಟನ್ನು ಮನೆಯಂಗಳದಲ್ಲೇ ಐದು ನಿಮಿಷದಲ್ಲಿ ತಿಳಿದುಕೊಂಡು ಹೋದರೆ ಗ್ಯಾರೇಜಿನಲ್ಲಿ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ಪರೀಕ್ಷೆ ರಿವರ್ಸ್ ಗೇರಿನದು. ಬಹಳ ಗಾಡಿಗಳಲ್ಲಿ ರಿವರ್ಸ್‌ಗೆ ಸಿಂಕ್ರೊ ರಿಂಗ್ ಇರುವುದಿಲ್ಲ. ಹೀಗಾಗಿ ಅವಸರದಲ್ಲಿ ಹಾಕಿದರೆ ಒಳ್ಳೆಯ ಗಾಡಿಯೂ ಒಮ್ಮೊಮ್ಮೆ ಕರಗರ ಎನ್ನುತ್ತದೆ. ಗಾಡಿ ಪೂರ್ತಿ ನಿಂತ ಮೇಲೆ ಕ್ಲಚ್ ತುಳಿದು ನಾಲ್ಕೈದು ಸೆಕೆಂಡ್ ತಡೆದು ರಿವರ್ಸ್ ಹಾಕಬೇಕು. ಆಗಲೂ ಸಪ್ಪಳ ಬಂದರೆ ಪ್ಲೇಟ್ ಇನ್ನೂ ತಿರುಗುತ್ತಲೇ ಇದೆ ಎಂದು ತಿಳಿಯಬೇಕು.

ಕೊನೆಯ ಖಾತ್ರಿಗೆ ಒಂದು ಪರೀಕ್ಷೆ ಇದೆ. ಮುಂದೆ ಹಿಂದೆ ಮಂದಿ, ಗೋಡೆ ಇಲ್ಲದ ಬಯಲು ಜಾಗದಲ್ಲಿ ಮಾತ್ರ ಇದನ್ನು ಮಾಡಬೇಕು. ಎಂಜಿನ್ ಬಂದ್ ಇದ್ದಾಗ ಫಸ್ಟ್ ಹಾಕಿ, ಬ್ರೇಕ್ ಮತ್ತು ಕ್ಲಚ್ ಎರಡನ್ನೂ ಗಟ್ಟಿ ತುಳಿದು, ಸೆಲ್ಫ್ ಹೊಡೆಯುವುದು. ಗಾಡಿ ಅಲುಗದೇ ಚಾಲೂ ಆದರೆ ಕ್ಲಚ್ ಬಿಡುತ್ತಿದೆ. ಮುಂದಕ್ಕೆ ಜಗ್ಗಿದರೆ ಬಿಡುತ್ತಿಲ್ಲ. ಸಣ್ಣ ಹುಡುಗರನ್ನು ಗಾಡಿ ಸುತ್ತ ನಿಲ್ಲಿಸಿಕೊಂಡು ಈ ಪರೀಕ್ಷೆಗೆ ಕೈ ಹಾಕಬಾರದು.

ಕಾಲ್ಮ್ಯಾಟ್‌ನಿಂದ ಕೇಬಲ್‌ವರೆಗೆ

ಕ್ಲಚ್ ಬಿಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ನೋಡಬೇಕಾದ್ದು ಕಾಲಬುಡದಲ್ಲೇ. ಮಳೆಗಾಲದಲ್ಲಿ ಎರಿಮಣ್ಣಿನ ರಾಡಿ ಆಗಬಾರದೆಂದು ಮ್ಯಾಟಿನ ಮೇಲೆ ಮ್ಯಾಟು, ಅದರ ಮೇಲೆ ಗೋಣಿಚೀಲ ಹಾಸುವ ರೂಢಿ ನಮ್ಮಲ್ಲಿದೆ. ಇದರಿಂದ ಪೆಡಲ್ ಪೂರ್ತಿ ಕೆಳಗೆ ಹೋಗುವುದೇ ಇಲ್ಲ. ನೀರಿನ ಬಾಟಲಿ ಉರುಳಿ ಪೆಡಲ್ ಹಿಂದೆ ಸಿಕ್ಕಿಕೊಳ್ಳುವುದೂ ಉಂಟು. ನಗು ಬಂದರೂ ಇದನ್ನು ಮೊದಲು ನೋಡಬೇಕು. ಬ್ರೇಕ್ ಪೆಡಲ್ ಹಿಂದೆ ಸಿಕ್ಕರೆ ನಗುವ ಮಾತಲ್ಲ.

ಮಾರುತಿ 800, ಓಮ್ನಿ, ಆಲ್ಟೋ, ವ್ಯಾಗನ್-ಆರ್‌ನಂಥ ಗಾಡಿಗಳಲ್ಲಿ ಕ್ಲಚ್ ಕೇಬಲ್ ಮೇಲೆ ನಡೆಯುತ್ತದೆ. ಸೈಕಲ್ ಬ್ರೇಕಿನಂತೆಯೇ ಇದರ ಕೆಲಸ. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿದಾಗ ಮೊದಲು ಸ್ವಲ್ಪ ದೂರ ಸುಮ್ಮನೆ ಹೋಗಿ ಆಮೇಲೆ ಬಿಗಿ ಹತ್ತುತ್ತದೆ. ಈ ಖಾಲಿ ಓಟಕ್ಕೆ ಫ್ರೀ ಪ್ಲೇ ಎನ್ನುತ್ತಾರೆ. ಒಂದೆರಡು ಬೆರಳಗಲ ಇರುವುದು ಸಾಮಾನ್ಯ, ನಿಖರ ಅಳತೆ ಗಾಡಿ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಕೇಬಲ್ ಜಗ್ಗಿ ಉದ್ದವಾದರೆ ಈ ಓಟ ಹೆಚ್ಚಾಗುತ್ತದೆ, ಪೆಡಲ್ ತಳ ಮುಟ್ಟಿದರೂ ಪ್ಲೇಟ್ ಪೂರ್ತಿ ಬಿಡುವುದಿಲ್ಲ. ಪ್ಲೇಟ್ ಸವೆದರೆ ಈ ಓಟ ಕಡಿಮೆಯಾಗುತ್ತದೆ. ಇಲ್ಲೂ ಎರಡೂ ಉಲ್ಟಾ ಎಂಬುದನ್ನು ಗಮನಿಸಬೇಕು.

ಕೇಬಲ್ ಉದ್ದವಾಗಿದ್ದರೆ ಬಾಕ್ಸ್ ತುದಿಯಲ್ಲಿರುವ ನಟ್ ಬಿಗಿದು ಸರಿ ಮಾಡಬಹುದು. ಹತ್ತು ನಿಮಿಷದ ಕೆಲಸ. ಆದರೆ “ಛಲೋ ಬಿಗದು ಕೊಡ್ರಿ” ಎಂದು ಫ್ರೀ ಪ್ಲೇ ಉಳಿಯದಂತೆ ಬಿಗಿಸಿದರೆ ಬೇರಿಂಗ್ ಸದಾ ಒರೆಸಿಕೊಂಡೇ ತಿರುಗಿ ಹಾಳಾಗುತ್ತದೆ, ಪ್ಲೇಟೂ ಜಾರಲು ಶುರುವಾಗುತ್ತದೆ. ಒಂದು ರೋಗ ಹೋಗಿ ಇನ್ನೊಂದು ಬಂದಂತೆ.

ಕೇಬಲ್ ಹರಿಯುವ ಮುನ್ನ ಸೂಚನೆ ಕೊಡುತ್ತದೆ. ಪೆಡಲ್ ದಿನದಿಂದ ದಿನಕ್ಕೆ ಜಡವಾಗುವುದು, ತುಳಿದಾಗ ಕಿರಕಿರ ಎನ್ನುವುದು, ಒಮ್ಮೆಲೇ ಮೆತ್ತಗಾಗಿ ಮತ್ತೆ ಬಿಗಿಯಾಗುವುದು. ಕೆಸರು ಒಳಗೆ ಸೇರಿ ತಂತಿ ತುಕ್ಕು ಹಿಡಿದಾಗ ಹೀಗಾಗುತ್ತದೆ. ತಂತಿಯ ಎಳೆ ಬಿಚ್ಚಿಕೊಂಡಿದ್ದರೆ ಎಣ್ಣೆ ಬಿಟ್ಟು ದಿನ ನೂಕುವುದರಲ್ಲಿ ಅರ್ಥವಿಲ್ಲ, ಬದಲಿಸಿಬಿಡಬೇಕು. ಹಳೆಯ ಗಾಡಿಗಳಲ್ಲಿ ಪೆಡಲ್ ಕೂತಿರುವ ಪತ್ರಾ ಬಿರುಕು ಬಿಟ್ಟು, ತುಳಿದಾಗ ಕೇಬಲ್ ಬದಲು ಪತ್ರಾನೇ ಬಾಗುವುದೂ ಉಂಟು. ಒಬ್ಬರು ಪೆಡಲ್ ತುಳಿಯುವಾಗ ಇನ್ನೊಬ್ಬರು ಬ್ಯಾಟರಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಅದಕ್ಕೆ ವೆಲ್ಡಿಂಗೇ ಔಷಧ.

ಆಯಿಲ್ ಕ್ಲಚ್ಚಿನ ಲೆಕ್ಕವೇ ಬೇರೆ

ಬೊಲೆರೋ, ಸ್ಕಾರ್ಪಿಯೋದಂಥ ದೊಡ್ಡ ಗಾಡಿಗಳಲ್ಲಿ ಕೇಬಲ್ ಬದಲು ಆಯಿಲ್ ಕೆಲಸ ಮಾಡುತ್ತದೆ. ಪೆಡಲಿನ ಹತ್ತಿರ ಮಾಸ್ಟರ್ ಸಿಲಿಂಡರ್, ಬಾಕ್ಸಿನ ಹತ್ತಿರ ಸ್ಲೇವ್ ಸಿಲಿಂಡರ್, ನಡುವೆ ಪೈಪು. ಪೆಡಲ್ ತುಳಿದಾಗ ಆಯಿಲ್ ದೂಡಿಕೊಂಡು ಹೋಗಿ ಫೋರ್ಕನ್ನು ಒತ್ತುತ್ತದೆ. ಜತ್, ಉಮದಿ, ಸಂಖ ಕಡೆ ವಡಾಪ್ ಹೊಡೆಯುವ ಡ್ರೈವರುಗಳಿಗೆ ಇದರ ಲಕ್ಷಣ ಬಾಯಿಪಾಠ. “ಎರಡು ಸಲ ಪಂಪ್ ಮಾಡಿದ್ರ ಗೇರ್ ಬೀಳ್ತದ, ಇಲ್ಲಂದ್ರ ಇಲ್ಲ” ಎಂದರೆ ಪೈಪಿನಲ್ಲಿ ಹವಾ ಸೇರಿದೆ ಅಥವಾ ಎಲ್ಲೋ ಆಯಿಲ್ ಸೋರುತ್ತಿದೆ, ಇಲ್ಲವೇ ಸಿಲಿಂಡರ್ ಒಳಗಿನ ರಬ್ಬರ್ ವಾಶರ್ ಸೋತಿದೆ ಎಂದರ್ಥ. ದಿನಗಟ್ಟಲೆ ಹೀಗೆ ಪಂಪ್ ಮಾಡಿಕೊಂಡೇ ಹನ್ನೆರಡು ಮಂದಿ ಪ್ಯಾಸೆಂಜರ್ ಹೊತ್ತು ಓಡಾಡುವ ಧೈರ್ಯವೂ ನಮ್ಮ ಕಡೆಯವರಿಗೇ ಇರಬೇಕು.

ಮೊದಲು ಬಾನೆಟ್ ತೆಗೆದು ಆಯಿಲ್ ಡಬ್ಬಿಯ ಮಟ್ಟ ನೋಡಬೇಕು. ಕಡಿಮೆಯಾಗಿದ್ದರೆ ಅದು ಎಲ್ಲಿ ಹೋಯಿತು ಎಂದು ಹುಡುಕಬೇಕು, ಸುಮ್ಮನೆ ತುಂಬಿ ಮುಚ್ಚಳ ಹಾಕುವುದಲ್ಲ. ಮಾಸ್ಟರ್ ಸೋರಿದರೆ ಪೆಡಲಿನ ಮೇಲ್ಭಾಗದ ರಾಡ್ ಒದ್ದೆಯಾಗಿ ಕಾಲಬುಡದ ಕಾರ್ಪೆಟ್ ಜಿಡ್ಡಾಗಿರುತ್ತದೆ. ಸ್ಲೇವ್ ಸೋರಿದರೆ ಬಾಕ್ಸಿನ ಮಗ್ಗುಲಲ್ಲಿ, ರಬ್ಬರ್ ಬೂಟಿನ ಸುತ್ತ ಹಸಿ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅಂಥ ಗಾಡಿಯಲ್ಲಿ ಆಯಿಲ್ ಇಳಿಯುತ್ತಿದ್ದರೆ ಕ್ಲಚ್ಚಿನ ಮಾತು ಹಿಂದಕ್ಕೆ ಬಿಟ್ಟು ಮೊದಲು ಬ್ರೇಕ್ ಖಾತ್ರಿ ಮಾಡಿಕೊಳ್ಳಬೇಕು.

ಇದಕ್ಕೆ ಹಾಕುವುದು ಬ್ರೇಕ್ ಆಯಿಲ್, ಡಾಟ್-3 ಅಥವಾ ಡಾಟ್-4. ಯಾವುದೆಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಮನೆಯಲ್ಲಿ ಉಳಿದ ಎಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಹಾಕಿದರೆ ರಬ್ಬರ್ ಎಲ್ಲಾ ಉಬ್ಬಿ ಇಡೀ ವ್ಯವಸ್ಥೆ ಕೆಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವ ಗುಣದ್ದು. ಹೋದ ವರ್ಷ ಒಡೆದ ಬಾಟಲಿ ಈ ವರ್ಷ ಬಳಸಬಾರದು. ಬಣ್ಣದ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಬೇಕು, ಬಣ್ಣ ಕಿತ್ತು ಬರುತ್ತದೆ.

ಹವಾ ತೆಗೆಯಲು ಇಬ್ಬರು ಬೇಕು. ಒಬ್ಬರು ಪೆಡಲ್ ಮೂರು-ನಾಲ್ಕು ಸಲ ನಿಧಾನ ತುಳಿದು ಕೊನೆಗೆ ತುಳಿದೇ ಹಿಡಿಯಬೇಕು. ಇನ್ನೊಬ್ಬರು ಸ್ಲೇವ್ ಮೇಲಿನ ನಿಪ್ಪಲಿಗೆ ಸಣ್ಣ ಪೈಪ್ ಹಾಕಿ, ಅದರ ತುದಿಯನ್ನು ಬಾಟಲಿಯಲ್ಲಿ ಮುಳುಗಿಸಿ, ನಿಪ್ಪಲ್ ಸಡಿಲಿಸಬೇಕು. ಗುಳ್ಳೆಯ ಜೊತೆ ಆಯಿಲ್ ಬರುತ್ತದೆ. ನಿಪ್ಪಲ್ ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. ಇಲ್ಲಿ ಮಾತು ತಪ್ಪಿದರೆ ಹೋದ ಹವಾ ಮತ್ತೆ ಒಳಗೆ. ಗುಳ್ಳೆ ನಿಲ್ಲುವವರೆಗೆ ಹೀಗೇ ಮಾಡುತ್ತಾ, ಡಬ್ಬಿ ಖಾಲಿಯಾಗದಂತೆ ಮೇಲಿಂದ ಆಯಿಲ್ ಹಾಕುತ್ತಿರಬೇಕು.

ಇಷ್ಟಾದ ಮೇಲೂ ಬೀಳದಿದ್ದರೆ ನಿರ್ಣಾಯಕ ಪರೀಕ್ಷೆ ಫೋರ್ಕಿನದು. ಪೆಡಲ್ ತುಳಿದಾಗ ಬಾಕ್ಸ್ ಹೊರಗಿನ ಫೋರ್ಕ್ ಅಥವಾ ಕ್ಲಚ್ ಕೈ ಎಷ್ಟು ಸರಿಯುತ್ತದೆ ಎಂದು ಕಣ್ಣಾರೆ ನೋಡುವುದು. ಅದು ಸರಿಯಾಗಿ ಸರಿಯುತ್ತಿಲ್ಲ ಎಂದಾದರೆ ದೋಷ ಹೊರಗೆ, ಬಾಕ್ಸ್ ಇಳಿಸಬೇಕಿಲ್ಲ. ಪೂರ್ತಿ ಸರಿದೂ ಗೇರ್ ಬೀಳದಿದ್ದರೆ ದೋಷ ಒಳಗೆ. ಪ್ರೆಶರ್ ಪ್ಲೇಟಿನ ಬೆರಳು ಮುರಿದಿರಬಹುದು, ಕ್ಲಚ್ ಪ್ಲೇಟ್ ಡೊಂಕಾಗಿರಬಹುದು, ಬೇರಿಂಗ್ ಒಡೆದಿರಬಹುದು. ಆಗ ಬಾಕ್ಸ್ ಇಳಿಸದೇ ದಾರಿಯಿಲ್ಲ. ಕೆಲವು ಹೊಸ ಗಾಡಿಗಳಲ್ಲಿ ಸ್ಲೇವ್ ಸಿಲಿಂಡರೇ ಬಾಕ್ಸ್ ಒಳಗಿರುತ್ತದೆ. ಅಲ್ಲಿ ಸಣ್ಣ ಸೋರಿಕೆಗೂ ಬಾಕ್ಸ್ ಕೆಳಗಿಳಿಯುತ್ತದೆ, ಅದಕ್ಕೆ ಮಿಸ್ತ್ರಿಯನ್ನು ದೂರಿ ಉಪಯೋಗವಿಲ್ಲ.

ಹೊಸ ಕ್ಲಚ್ ಪ್ಲೇಟ್ ಹಾಕಿಸಿಕೊಂಡು ಬಂದ ದಿನವೇ ಗೇರ್ ಬೀಳದಿದ್ದರೆ ಪ್ಲೇಟ್ ಉಲ್ಟಾ ಕೂತಿರುವ ಸಾಧ್ಯತೆ ಇದೆ. ಇದು ಗ್ಯಾರೇಜುಗಳಲ್ಲಿ ಆಗುವ ತಪ್ಪೇ. ಹಾಕಿದವರಲ್ಲೇ ಹೋಗಿ ಬಿಚ್ಚಿಸಬೇಕು.

ಪುಣೆ, ಮುಂಬೈಗೆ ದುಡಿಯಲು ಹೋದ ಮಕ್ಕಳು ಊರಲ್ಲಿ ಬಿಟ್ಟುಹೋದ ಗಾಡಿಗಳದ್ದು ಬೇರೆಯೇ ಕತೆ. ಮಳೆಗಾಲವಿಡೀ ತಗಡಿನ ಕೆಳಗೆ ನಿಂತ ಗಾಡಿಯಲ್ಲಿ ತೇವ ಹಿಡಿದು ಕ್ಲಚ್ ಪ್ಲೇಟ್ ಫ್ಲೈವ್ಹೀಲಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ದೀಪಾವಳಿಗೆ ಬಂದವರು ಚಾಲೂ ಮಾಡಿದರೆ ಗೇರ್ ಇಲ್ಲ. ಬಯಲು ಜಾಗದಲ್ಲಿ ಎಂಜಿನ್ ಬಿಸಿ ಮಾಡಿ, ಗೇರಿನಲ್ಲಿಟ್ಟು ಕ್ಲಚ್ ತುಳಿದು ಜಗ್ಗಿಸಿ ಬಿಡಿಸುವ ವಿದ್ಯೆ ಮಿಸ್ತ್ರಿಗಳಿಗೆ ಗೊತ್ತು. ಅದನ್ನು ಅವರಿಗೇ ಬಿಡುವುದು ಲೇಸು. ಹದಿನೈದು ದಿನಕ್ಕೊಮ್ಮೆ ಊರಲ್ಲಿದ್ದವರು ಯಾರಾದರೂ ಗಾಡಿ ನಾಲ್ಕು ಹೆಜ್ಜೆ ಓಡಿಸಿ ಇಟ್ಟರೆ ಈ ಪ್ರಸಂಗವೇ ಬರುವುದಿಲ್ಲ.

ಲಿವರ್ ಜೋಲಾಡಿದರೆ

ಗೇರ್ ಲಿವರ್ ಎತ್ತ ಬೇಕಾದರತ್ತ ಜೋಲಾಡುತ್ತಿದೆ, ಯಾವ ಗೇರಿನಲ್ಲಿದೆ ಎಂದೇ ತಿಳಿಯುತ್ತಿಲ್ಲ ಎಂದರೆ ಕ್ಲಚ್ ನೋಡುವ ಅಗತ್ಯವಿಲ್ಲ. ಲಿವರಿನಿಂದ ಬಾಕ್ಸಿಗೆ ಹೋಗುವ ರಾಡ್ ಅಥವಾ ಕೇಬಲ್ ಕಳಚಿರುತ್ತದೆ. ಪ್ಲಾಸ್ಟಿಕ್ ಬುಶ್ ಒಡೆಯುವುದು, ಕ್ಲಿಪ್ ಉದುರುವುದು ಹಳೆಯ ಗಾಡಿಗಳಲ್ಲಿ ಸಾಮಾನ್ಯ. ಎಂಜಿನ್ ಬಂದ್ ಮಾಡಿ, ಗಾಡಿ ಉರುಳದಂತೆ ಚಕ್ರಕ್ಕೆ ಕಲ್ಲು ಕೊಟ್ಟು, ಬಾಕ್ಸ್ ಮೇಲಿನ ಕೈಯನ್ನು ನೇರವಾಗಿ ದೂಡಿ ನೋಡಿದರೆ ಗೇರ್ ಬೀಳುತ್ತದೆ. ಅಲ್ಲಿ ಬಿದ್ದರೆ ಬಾಕ್ಸ್ ನಿರ್ದೋಷಿ. ಬುಶ್ಶಿನ ಬೆಲೆ ಒಂದು ಹೊತ್ತಿನ ಊಟದಷ್ಟೂ ಇರಲಿಕ್ಕಿಲ್ಲ.

ಒಂದೇ ಗೇರ್, ಹೆಚ್ಚಾಗಿ ಸೆಕೆಂಡ್, ಬೀಳುವಾಗ ಕರ್‍ರ್ ಎನ್ನುವುದಾದರೆ ಒಳಗಿನ ಸಿಂಕ್ರೊ ರಿಂಗ್ ಸವೆದಿದೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಗೇರುಗಳನ್ನು ಸಮ ಮಾಡಿ ಕೂಡಿಸುವುದು ಈ ರಿಂಗಿನ ಕೆಲಸ. ಬಾಕ್ಸ್ ಬಿಚ್ಚುವ ಮುನ್ನ ಗೇರ್ ಆಯಿಲ್ ಒಮ್ಮೆ ನೋಡಿಸಬೇಕು. ಸಪ್ಪಳ ಮುಚ್ಚಲೆಂದು ಟ್ರ್ಯಾಕ್ಟರಿಗೆ ತಂದ 140 ನಂಬರಿನ ದಪ್ಪ ಆಯಿಲ್ ಕಾರಿಗೂ ಸುರಿದಿದ್ದರೆ ಚಳಿಗಾಲದ ಬೆಳಗ್ಗೆ ಗೇರ್ ಬೀಳಲು ಒದ್ದಾಡುತ್ತದೆ. ಪುಸ್ತಕದಲ್ಲಿ ಬರೆದ ಆಯಿಲನ್ನೇ ಹಾಕಿಸಬೇಕು. ಹಳೆಯ ಆಯಿಲ್ ಬಿಡುವಾಗ ಅದರಲ್ಲಿ ಹಿತ್ತಾಳೆ ಪುಡಿ ಮಿನುಗಿದರೆ ರಿಂಗ್ ಸವೆಯುತ್ತಿದೆ ಎಂದೂ, ಕಬ್ಬಿಣದ ಚೂರು ಬಂದರೆ ಗೇರ್ ಹಲ್ಲು ಒಡೆದಿದೆ ಎಂದೂ ತಿಳಿಯುತ್ತದೆ.

ಕ್ಲಚ್ ಪೆಡಲೇ ಇಲ್ಲದ ಎಎಂಟಿ ಗಾಡಿಗಳು 2014ರಲ್ಲಿ ಮಾರುತಿ ಸೆಲೆರಿಯೋ ಬಂದ ಮೇಲೆ ನಮ್ಮ ಕಡೆಯೂ ಕಾಣತೊಡಗಿದವು. ಇವುಗಳಲ್ಲಿ ಬ್ರೇಕ್ ತುಳಿಯದೇ ಗೇರ್ ಬೀಳುವುದಿಲ್ಲ. ಬ್ರೇಕ್ ಸ್ವಿಚ್ ಕೆಟ್ಟರೆ ತುಳಿದರೂ ಗಾಡಿಗೆ ಅದು ತಿಳಿಯುವುದಿಲ್ಲ. ಆದ್ದರಿಂದ ಹಿಂದಿನ ಬ್ರೇಕ್ ಲೈಟ್ ಹತ್ತುತ್ತದೋ ಇಲ್ಲವೋ ಮೊದಲು ನೋಡಬೇಕು. ಅದು ಸರಿ ಇದ್ದರೆ ಸ್ಕ್ಯಾನರ್ ಇರುವ ಕಡೆ ಒಯ್ಯಬೇಕು, ಪಾನಾ ಹಿಡಿದು ಆಗುವ ಕೆಲಸವಲ್ಲ.

ದಾರಿಯಲ್ಲಿ ನಿಂತರೆ

ಸೊಲ್ಲಾಪುರ-ವಿಜಯಪುರ ಹೆದ್ದಾರಿಯಲ್ಲಿ (ಹಿಂದೆ 13, ಈಗ 52) ಟಾಕಳಿಯ ಭೀಮಾ ಸೇತುವೆ ಆಜುಬಾಜು ಗಾಡಿ ಕೆಟ್ಟರೆ ಯಾವ ರಾಜ್ಯದವರನ್ನು ಕರೆಯಬೇಕೆಂಬ ಚಿಂತೆ ಬೇಡ. ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033 ಎರಡೂ ಕಡೆ ನಡೆಯುತ್ತದೆ. ಗಾಡಿಯಲ್ಲಿ ಪೇಶಂಟ್ ಇದ್ದರೆ 108 ಕೂಡ ಎರಡೂ ರಾಜ್ಯಗಳಲ್ಲಿದೆ. ಗಾಡಿ ದುರಸ್ತಿಯ ನಾದಿನಲ್ಲಿ ಪೇಶಂಟ್ ಕೂರಿಸಿಕೊಂಡು ಕಾಯಬಾರದು.

ಹಳೆಯ ಡ್ರೈವರುಗಳು ಕ್ಲಚ್ ಇಲ್ಲದೇ ಗಾಡಿ ತಂದ ಕತೆ ಹೇಳುತ್ತಾರೆ. ಎಂಜಿನ್ ಬಂದ್ ಇದ್ದಾಗ ಫಸ್ಟ್ ಹಾಕಿ ಸೆಲ್ಫ್ ಹೊಡೆದರೆ ಗಾಡಿ ಜಗ್ಗುತ್ತಲೇ ಚಾಲೂ ಆಗಿ ಮುಂದೆ ಹೋಗುತ್ತದೆ ಎಂಬುದು ನಿಜ. ಆದರೆ ನಿಲ್ಲಿಸಬೇಕೆಂದರೆ ಎಂಜಿನ್ನೇ ಬಂದ್ ಮಾಡಬೇಕು. ಸೆಲ್ಫ್ ಮೋಟಾರಿಗೂ ಬ್ಯಾಟರಿಗೂ ಇದು ಹೊಡೆತ. ಖಾಲಿ ರಸ್ತೆಯಲ್ಲಿ, ಅಪಾಯದ ತಿರುವಿನಿಂದ ಪಕ್ಕಕ್ಕೆ ಸರಿಸುವಷ್ಟಕ್ಕೆ ಮಾತ್ರ ಇದು ಸರಿ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಜಗ್ಗುವ ಟ್ರ್ಯಾಕ್ಟರುಗಳ ನಡುವೆ ಈ ಸಾಹಸಕ್ಕೆ ಇಳಿಯಬಾರದು.

ಟ್ರ್ಯಾಕ್ಟರಿಗೆ ಕಟ್ಟಿ ಎಳೆಸುವಾಗಲೂ ಒಂದು ಸೂಕ್ಷ್ಮವಿದೆ. ಎಂಜಿನ್ ಬಂದ್ ಇದ್ದರೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಪವರ್ ಸ್ಟೀರಿಂಗ್ ಭಾರವಾಗುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿದ್ದು ಎಂಜಿನ್ ಚಾಲೂ ಆಗುವಂತಿದ್ದರೆ ಚಾಲೂ ಇಟ್ಟೇ ಎಳೆಸುವುದು ಒಳ್ಳೆಯದು. ಬಂದ್ ಇಟ್ಟು ಎಳೆಸಿದರೂ ಚಾವಿ ಆನ್ ಇರಲೇಬೇಕು, ಇಲ್ಲದಿದ್ದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಗೇರ್ ಒಳಗೇ ಸಿಕ್ಕಿಕೊಂಡಿದ್ದರೆ ಎಳೆಯಲೇಬಾರದು, ಮುಂದಿನ ಚಕ್ರ ಎತ್ತುವ ಕ್ರೇನ್ ಬೇಕು. ಬೊಲೆರೋದಂಥ ಹಿಂದಿನ ಚಕ್ರದ ಗಾಡಿಗಾದರೆ ಹಿಂದಿನ ಚಕ್ರ ಎತ್ತಬೇಕು.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

“ಗಿಯರ್ ಪಡತ್ ನಾಹಿ” ಎಂದಷ್ಟೇ ಹೇಳಿ ಚಾವಿ ಕೊಟ್ಟು ಬರುವ ಬದಲು, ಎಂಜಿನ್ ಬಂದ್ ಇದ್ದಾಗ ಬೀಳುತ್ತದೆ, ಚಾಲೂ ಇದ್ದಾಗ ಬೀಳುವುದಿಲ್ಲ, ಪಂಪ್ ಮಾಡಿದರೆ ಬೀಳುತ್ತದೆ ಎಂದು ಕಂಡದ್ದನ್ನು ಹೇಳಬೇಕು. ‘ಕ್ಲಚ್ ಹೋಗ್ಯಾದ’ ಎಂಬ ತೀರ್ಪು ನಾವೇ ಕೊಡಬಾರದು. ಬಾಕ್ಸ್ ಇಳಿಸಬೇಕು ಎಂದರೆ “ಫೋರ್ಕ್ ಎಷ್ಟು ಸರೀತದ, ಒಮ್ಮಿ ತೋರಸ್ರಿ” ಎಂದು ಕೇಳುವುದು ಅವಮಾನದ ಮಾತಲ್ಲ. ಒಳ್ಳೆಯ ಮಿಸ್ತ್ರಿ ಖುಷಿಯಿಂದ ತೋರಿಸುತ್ತಾನೆ.

ಬಾಕ್ಸ್ ಇಳಿಸಲೇಬೇಕಾದರೆ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸುವುದೇ ಲಾಭ. ಇನ್ನೂರು ಉಳಿಸಲು ಹಳೆಯ ಬೇರಿಂಗ್ ಬಿಟ್ಟರೆ ನಾಲ್ಕು ತಿಂಗಳಿಗೆ ಮತ್ತೆ ಅದೇ ಕೂಲಿ ಕೊಟ್ಟು ಇಳಿಸಬೇಕಾದೀತು. ಬಿಡಿಭಾಗದ ಬಿಲ್ ಬೇರೆ, ಕೂಲಿ ಬೇರೆ ಬರೆಸಿಕೊಳ್ಳಬೇಕು. ಬಿಚ್ಚಿದ ಹಳೆಯ ಸಾಮಾನು ಕೇಳಿ ಪಡೆಯಬೇಕು. ಹರಿದ ಕೇಬಲ್ಲೋ ಸುಟ್ಟ ಪ್ಲೇಟೋ ಕಣ್ಣಿಗೆ ಬಿದ್ದರೆ ಯಾವುದಕ್ಕೆ ರೊಕ್ಕ ಕೊಟ್ಟೆವು ಎಂದು ಗೊತ್ತಾಗುತ್ತದೆ.

ಗಾಡಿ ಕೈಗೆ ಬಂದ ಮೇಲೆ ಗ್ಯಾರೇಜಿನ ಅಂಗಳದಲ್ಲೇ ಎಂಜಿನ್ ಚಾಲೂ ಇಟ್ಟು ಐದೂ ಗೇರ್, ರಿವರ್ಸ್ ಸಮೇತ ಹಾಕಿ ನೋಡಬೇಕು. ಆಮೇಲೆ ಒಂದು ಸುತ್ತು ಹೊಡೆದು, ಪೆಡಲಿನ ಫ್ರೀ ಪ್ಲೇ ಕೈಯಿಂದ ಒತ್ತಿ ನೋಡಿ, ಆಯಿಲ್ ಕ್ಲಚ್ ಆಗಿದ್ದರೆ ಡಬ್ಬಿಯ ಮಟ್ಟಕ್ಕೆ ಒಂದು ಗುರುತು ಹಾಕಿ ಮನೆಗೆ ಒಯ್ಯಬೇಕು. ವಾರದ ನಂತರ ಆ ಗುರುತಿಗಿಂತ ಆಯಿಲ್ ಇಳಿದಿದ್ದರೆ ಮತ್ತೆ ಅದೇ ಗ್ಯಾರೇಜಿಗೆ.